ಗಣಿತದ ಪೀರಿಯಡ್‌ನಲ್ಲಿ ಕೋಲಾಟ: ಕೊಡಗಿನ ಶಿಕ್ಷಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಕೊಡಗು ಜಿಲ್ಲೆಯ ಶಾಲೆಗಳ ಹೊಣೆ ಹೊತ್ತಿರುವ ಎಲ್ಲ ಅಧಿಕಾರಿಗಳಿಗೆ,

ಮಾನ್ಯರೇ,

ನಮಸ್ಕಾರ. ನಾನು ನಿವೃತ್ತ ಗಣಿತ ಶಿಕ್ಷಕಿ. 31 ವರ್ಷ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿದ್ದೇನೆ. ಹೆಚ್ಚಿನ ವರ್ಷ ಕಳೆದದ್ದು ವಿರಾಜಪೇಟೆ, ಪೊನ್ನಂಪೇಟೆ ಕಡೆಯ ಊರುಗಳಲ್ಲಿ. ಈಗ ಮನೆ ಹತ್ತಿರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ವಾರಕ್ಕೆ ಎರಡು ದಿನ ಹೋಗಿ, ಲೆಕ್ಕದಲ್ಲಿ ಹಿಂದೆ ಬಿದ್ದ ಮಕ್ಕಳ ಜೊತೆ ಕೂರುತ್ತೇನೆ. ಸಂಬಳಕ್ಕಲ್ಲ. ಮುಖ್ಯ ಶಿಕ್ಷಕರು, ಶಾಲಾಭಿವೃದ್ಧಿ ಸಮಿತಿಯವರು ಕರೆದರು, ಮನಸ್ಸಿಗೂ ಬೇಕಿತ್ತು, ಹೋಗುತ್ತಿದ್ದೇನೆ.

ಆ ಶಾಲೆಯಲ್ಲಿ ಕಳೆದ ಮಳೆಗಾಲ ನಡೆದ ಒಂದು ಸಂಗತಿಯನ್ನು ನಿಮ್ಮ ಮುಂದೆ ಇಡಬೇಕಾಗಿದೆ. ಶಾಲೆಯ ಹೆಸರು ಬರೆಯುವುದಿಲ್ಲ. ಯಾರನ್ನೋ ಸಿಕ್ಕಿಸಬೇಕು ಅನ್ನುವ ಉದ್ದೇಶ ನನಗಿಲ್ಲ. ಒಬ್ಬ ಒಳ್ಳೆಯ ಟೀಚರ್ ಕುಣಿತದ ಹೆಜ್ಜೆಯಲ್ಲಿ ಗಣಿತ ಕಲಿಸುವ ಒಂದು ಒಳ್ಳೆಯ ಕೆಲಸವನ್ನು ಹೆದರಿ ನಿಲ್ಲಿಸಿದ್ದಾರೆ. ಅದು ಮತ್ತೆ ಶುರುವಾಗಬೇಕು. ಅದಕ್ಕಾಗಿ ಈ ಪತ್ರ.

ಜುಲೈ ಮೊದಲ ವಾರ. ಕೊಡಗಿನ ಜುಲೈ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಮೈದಾನ ಪೂರ್ತಿ ಕೆಸರು. ಮಳೆಯ ಸದ್ದಿಗೆ ಎರಡನೇ ಬೆಂಚಿನವರಿಗೂ ಪಾಠ ಕೇಳುವುದಿಲ್ಲ. ಬೆಳಗ್ಗೆ ನೆನೆದು ಬಂದ ಮಕ್ಕಳು ಸಂಜೆವರೆಗೆ ಅದೇ ಒದ್ದೆ ಬಟ್ಟೆಯಲ್ಲಿ ಕೂರುತ್ತಾರೆ. ಹೀಗೆ ಮುದುಡಿ ಕೂತ ಮಗುವಿಗೆ ಲಘುತಮ ಸಾಮಾನ್ಯ ಅಪವರ್ತ್ಯ (ಲಸಾಅ), ಅಂದರೆ ಎರಡು ಸಂಖ್ಯೆಗಳ ಮಗ್ಗಿಯಲ್ಲೂ ಬರುವ ಅತಿ ಚಿಕ್ಕ ಸಂಖ್ಯೆ, ಹೇಳಿಕೊಡಬೇಕು. ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಆರನೇ ತರಗತಿಯ ಗಣಿತ ಟೀಚರ್ ಇನ್ನೂ ಮೂವತ್ತು ದಾಟದ ಹೆಣ್ಣುಮಗಳು. ಅಂದು ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿದರು. 22 ಮಕ್ಕಳನ್ನು ಎರಡು ಸಾಲು ಮಾಡಿ ನಿಲ್ಲಿಸಿದರು. ಎಲ್ಲರ ಕೈಗೂ ಬಿದಿರಿನ ಎರಡೆರಡು ಕೋಲು. ಲೆಕ್ಕ ಹೇಳುತ್ತಾ ಎಲ್ಲರೂ ಒಟ್ಟಿಗೆ ಹೆಜ್ಜೆ ಹಾಕಬೇಕು. ಒಂದು ಸಾಲಿನವರು ಪ್ರತಿ 3ನೇ ಹೆಜ್ಜೆಗೆ ಕೋಲು ಹೊಡೆಯಬೇಕು, ಇನ್ನೊಂದು ಸಾಲಿನವರು ಪ್ರತಿ 4ನೇ ಹೆಜ್ಜೆಗೆ. ಎರಡೂ ಸಾಲಿನ ಕೋಲು ಮೊದಲ ಸಲ ಒಟ್ಟಿಗೆ ಸದ್ದು ಮಾಡುವುದು ಎಷ್ಟನೇ ಹೆಜ್ಜೆಗೆ? 12ಕ್ಕೆ. ಆಮೇಲೆ 4 ಮತ್ತು 5 ಮಾಡಿದರು. 20ಕ್ಕೆ ಸೇರಿತು. ಮಳೆ ಸದ್ದನ್ನು ಮೀರಿ ಆ ಪೆಟ್ಟು ಕೇಳುತ್ತಿತ್ತು.

ಅಷ್ಟು ಹೊತ್ತಿಗೆ ಮಕ್ಕಳು ತಾವೇ ಒಂದು ನಿಯಮ ಮಾಡಿಕೊಂಡಿದ್ದರು. ಎರಡೂ ಸಂಖ್ಯೆ ಗುಣಿಸಿದರೆ ಮುಗಿಯಿತು, ಕುಣಿಯುವುದೇ ಬೇಡ ಅಂದರು. ಟೀಚರ್ ಏನೂ ಹೇಳಲಿಲ್ಲ. ಸುಮ್ನೆ 6 ಮತ್ತು 8 ಮಾಡಿ ಅಂದರು. 48 ಅಂತ ಎಲ್ಲರೂ ಕೂಗಿದರು. ಸರಿ, ಹೆಜ್ಜೆ ಶುರುವಾಯಿತು. 24ನೇ ಹೆಜ್ಜೆಗೆ ಎರಡೂ ಸಾಲಿನ ಕೋಲು ಒಟ್ಟಿಗೆ ಬಡಿಯಿತು. ಮಕ್ಕಳು ಗಕ್ಕನೆ ನಿಂತರು. ಲೆಕ್ಕ ತಪ್ಪಿದೆ ಅಂತ ಒಬ್ಬ. ನೀನು ಬೇಗ ಹೊಡೆದೆ ಅಂತ ಇನ್ನೊಬ್ಬ. ಮತ್ತೆ ಮಾಡಿದರು. ಮತ್ತೆ 24. ಮೂರನೇ ಸಲ ಮಾಡಿದರೂ 24.

ಆಗ ಆ ಕೋಣೆಯಲ್ಲಿ ಎದ್ದ ಜಗಳವನ್ನು ನಾನು ಮರೆಯುವುದಿಲ್ಲ. 31 ವರ್ಷದಲ್ಲಿ ಒಂದು ಸಲವೂ ನನ್ನ ತರಗತಿಯಲ್ಲಿ ಮಕ್ಕಳು ಲಸಾಅಗಾಗಿ ಜಗಳ ಆಡಿರಲಿಲ್ಲ. 3 ಮತ್ತು 4ಕ್ಕೆ ಗುಣಿಸಿದರೆ ಸರಿಬಂತು, 6 ಮತ್ತು 8ಕ್ಕೆ ಏಕೆ ಅರ್ಧಕ್ಕೇ ನಿಂತಿತು? ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಇದ್ದಳು. ಅಪ್ಪ ಅಮ್ಮ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರು, ತೋಟದ ಕಾರ್ಮಿಕರ ಸಾಲುಮನೆಯಲ್ಲಿ (ಲೈನ್ ಮನೆ) ಇದ್ದಾರೆ. ಶಾಲೆಗೆ ಸೇರಿ ಆಗ ಒಂದು ವರ್ಷ ಆಗಿತ್ತು. ಕನ್ನಡ ಓದುವುದು ಇನ್ನೂ ತಡವರಿಕೆ. ಅವಳು ನಾಲ್ಕು ಬೆರಳು ಎತ್ತಿ, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳಿದಳು: 6ರ ಒಳಗೂ 2 ಇದೆ, 8ರ ಒಳಗೂ 2 ಇದೆ, ಅದನ್ನು ಎರಡು ಸಲ ಎಣಿಸಿದ್ದೇವೆ.

ಮಾನ್ಯರೇ, ಇದು ಲಸಾಅದ ತಿರುಳು. ಪಠ್ಯಪುಸ್ತಕ ಇದನ್ನು ಅಪವರ್ತನ, ಸಾಮಾನ್ಯ ಅಪವರ್ತನ ಅಂತ ಹೇಳುತ್ತದೆ. ಅದೇ ಪ್ರಶ್ನೆಯನ್ನು ಕಾಗದದ ಮೇಲೆ ಕೊಟ್ಟಿದ್ದರೆ ಆ ಹುಡುಗಿ ಪ್ರಶ್ನೆಯ ಮೊದಲ ಸಾಲು ಓದುವುದರಲ್ಲೇ ಸೋಲುತ್ತಿದ್ದಳು. ಸೊನ್ನೆ ಹಾಕಿ ಮುಂದೆ ಹೋಗುತ್ತಿದ್ದೆವು. ನಾನೂ ಹಾಗೇ ಮಾಡುತ್ತಿದ್ದೆ.

ಮುಂದಿನ ವಾರ ಟೀಚರ್ ಪೂರ್ಣಾಂಕಗಳ ಪಾಠ ಹಿಡಿದರು. ಜಗಲಿಯ ಉದ್ದಕ್ಕೂ ಸೀಮೆಸುಣ್ಣದಲ್ಲಿ ಸಂಖ್ಯಾರೇಖೆ ಎಳೆದರು. ನಡುವೆ ಸೊನ್ನೆ. ಬಲಕ್ಕೆ 10ರವರೆಗೆ, ಎಡಕ್ಕೆ ಮೈನಸ್ 10ರವರೆಗೆ. ಆಟದ ನಿಯಮ ಎರಡೇ. ಕೂಡು ಅಂದರೆ ಬಲಕ್ಕೆ ಮುಖ ಮಾಡು, ಕಳೆ ಅಂದರೆ ಎಡಕ್ಕೆ ಮುಖ ಮಾಡು. ಸಂಖ್ಯೆ ಧನವಾದರೆ ಮುಂದಕ್ಕೆ ಹೆಜ್ಜೆ, ಋಣವಾದರೆ ಹಿಂದಕ್ಕೆ ಹೆಜ್ಜೆ. ಈಗ 3ರಲ್ಲಿ ಮೈನಸ್ 2 ಕಳೆಯಬೇಕು. ಮಗು 3ರ ಮೇಲೆ ನಿಲ್ಲುತ್ತದೆ. ಕಳೆಯಬೇಕಲ್ವಾ, ಎಡಕ್ಕೆ ತಿರುಗುತ್ತದೆ. ಋಣ ಸಂಖ್ಯೆ, ಹಾಗಾಗಿ ಹಿಂದಕ್ಕೆ ಎರಡು ಹೆಜ್ಜೆ. ನೋಡಿದರೆ 5ರ ಮೇಲೆ ನಿಂತಿದೆ. ಕಳೆಯಲು ಹೋದವರು ಜಾಸ್ತಿ ಆದ ಕಡೆಗೆ ಹೇಗೆ ಬಂದೆವು ಅಂತ ಮಕ್ಕಳು ಕಣ್ಣರಳಿಸಿ ಕೆಳಗೆ ನೋಡುತ್ತಾರೆ. ದುಡಿಯ ಪೆಟ್ಟಿನ ಹಾಗೆ ಮೇಜು ಬಡಿಯುತ್ತಾ ಒಬ್ಬ ಲಯ ಕೊಡುತ್ತಾನೆ. ತಿರುಗು, ಹಿಂದೆ, ಹಿಂದೆ, ನಿಲ್ಲು.

ನಾನು ಇದನ್ನು ಹೇಗೆ ಕಲಿಸಿದ್ದೆ ಗೊತ್ತೇ? ಮೈನಸ್ಸಿಗೆ ಮೈನಸ್ ಸೇರಿದರೆ ಪ್ಲಸ್ ಅಂತ ಐವತ್ತು ಸಲ ಹೇಳಿಸಿ. ಮಕ್ಕಳು ಅದನ್ನು ಬಾಯಿಪಾಠ ಮಾಡಿದರು. ಆಮೇಲೆ ಮೈನಸ್ 3ಕ್ಕೆ ಮೈನಸ್ 2 ಕೂಡಿದಾಗಲೂ ಪ್ಲಸ್ 5 ಅಂತ ಬರೆದರು. ಅವರ ತಪ್ಪಲ್ಲ. ನಾನು ಕೊಟ್ಟ ಮಾತನ್ನು ಅವರು ನಂಬಿದ್ದರು. ಎಷ್ಟು ವರ್ಷ, ಎಷ್ಟು ಮಕ್ಕಳು. ಅದು ನನಗೆ ಈಗಲೂ ನೋವು.

ಆ ಜಗಲಿಯ ಪಾಠ ನಡೆಯುತ್ತಿದ್ದ ದಿನವೇ ಒಬ್ಬ ಅಧಿಕಾರಿ ಶಾಲೆ ಭೇಟಿಗೆ ಬಂದರು. ಐದು ನಿಮಿಷ ನಿಂತು ನೋಡಿರಬಹುದು. ಇದು ಯಾವ ಪೀರಿಯಡ್ ಅಂತ ಕೇಳಿದರು. ಗಣಿತ ಸರ್ ಅಂದರು ಟೀಚರ್. ಪೋರ್ಷನ್ ಎಲ್ಲಿಗೆ ಬಂದಿದೆ, ಪಾಠ ಟಿಪ್ಪಣಿ ಎಲ್ಲಿ ಅಂತ ಕೇಳಿದರು. ಟಿಪ್ಪಣಿ ಇತ್ತು, ತೋರಿಸಿದರು. ಒಂದೇ ಒಂದು ಮಗುವಿಗೆ ಒಂದೇ ಒಂದು ಲೆಕ್ಕ ಕೇಳಲಿಲ್ಲ. ಹೋಗುವಾಗ ಭೇಟಿ ಪುಸ್ತಕದಲ್ಲಿ ಬರೆದರು: ಗಣಿತದ ಅವಧಿಯಲ್ಲಿ ಕುಣಿತ ನಡೆಯುತ್ತಿತ್ತು, ಬೋಧನೆ ಕಂಡುಬರಲಿಲ್ಲ, ಲಿಖಿತ ವಿವರಣೆ ಕೊಡುವುದು.

ಟೀಚರ್ ವಿವರಣೆ ಬರೆದುಕೊಟ್ಟರು. ಎರಡು ಪುಟ. ಯಾವ ಆಟದಿಂದ ಯಾವ ಪರಿಕಲ್ಪನೆ, ಪುಸ್ತಕದ ಯಾವ ಅಧ್ಯಾಯ, ಎಲ್ಲ ಬರೆದಿದ್ದರು. ನಾನೇ ಓದಿದ್ದೇನೆ. ಅದಕ್ಕೆ ಉತ್ತರ ಬರಲಿಲ್ಲ. ಸರಿ ಅಂತಲೂ ಇಲ್ಲ, ತಪ್ಪು ಅಂತಲೂ ಇಲ್ಲ. ಅವರ ಪ್ರೊಬೇಷನ್ ಇನ್ನೂ ಮುಗಿದಿಲ್ಲ. ಮನೆಯಲ್ಲಿ ಅವರ ಸಂಬಳವೇ ಆಧಾರ. ಕೋಲುಗಳನ್ನು ಕಟ್ಟಿ ಕಪಾಟಿನ ಮೇಲಿಟ್ಟರು. ಬೆಂಚುಗಳು ತಮ್ಮ ಜಾಗಕ್ಕೆ ಬಂದವು. ಈಗ ಅವರೂ ಬೋರ್ಡ್ ಮೇಲೆ ಬರೆಯುತ್ತಾರೆ, ಮಕ್ಕಳು ನಕಲು ಮಾಡುತ್ತಾರೆ. ನನ್ನ ಹಾಗೆಯೇ.

"ಬೋಧನೆ ಕಂಡುಬರಲಿಲ್ಲ" ಅನ್ನುವ ಆ ಎರಡು ಪದದ ಬಗ್ಗೆಯೇ ನನ್ನ ದೂರು. ಆ ಅಧಿಕಾರಿ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಅವರಿಗೂ ಮೇಲಿನಿಂದ ಒತ್ತಡ ಇರುತ್ತದೆ. ಕೊಡಗಿನಲ್ಲಿ ಮಳೆ ರಜೆ ಬಿದ್ದಷ್ಟೂ ಪಾಠ ಹಿಂದೆ ಬೀಳುತ್ತದೆ, ಶನಿವಾರ ಮಧ್ಯಾಹ್ನವೆಲ್ಲ ಅದನ್ನು ತುಂಬಿಸಬೇಕು. ಪಠ್ಯಕ್ರಮವನ್ನು ಸಮಯಕ್ಕೆ ಮುಗಿಸುವುದು ಟೀಚರ್ ಕರ್ತವ್ಯ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ನೇ ಹೇಳುತ್ತದೆ. ಒಪ್ಪುತ್ತೇನೆ. ಆದರೆ ಅದೇ ಕಾಯ್ದೆಯ 29ನೇ ಸೆಕ್ಷನ್ ಇನ್ನೊಂದು ಮಾತು ಹೇಳುತ್ತದೆ. ಮಗು ಚಟುವಟಿಕೆಯಿಂದ, ತಾನೇ ಹುಡುಕಿ ಕಂಡುಕೊಳ್ಳುವುದರಿಂದ ಕಲಿಯಬೇಕು. ಭಯ, ಆತಂಕ ಇಲ್ಲದೆ ಕಲಿಯಬೇಕು. ಸಾಧ್ಯವಾದಷ್ಟೂ ಮಾತೃಭಾಷೆಯಲ್ಲಿ ಕಲಿಯಬೇಕು. ಒಂದು ಸೆಕ್ಷನ್ ಭೇಟಿ ಪುಸ್ತಕಕ್ಕೆ ಬರುತ್ತದೆ, ಇನ್ನೊಂದು ಬರುವುದಿಲ್ಲ. ಅದು ಸರಿಯೇ?

ಮಾತೃಭಾಷೆಯ ವಿಷಯ ಬಂದದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಕೊಡಗಿನ ಒಂದು ಸರ್ಕಾರಿ ಶಾಲೆಯ ತರಗತಿಯಲ್ಲಿ ಎಷ್ಟು ಮನೆಮಾತು ಇರುತ್ತದೆ ಅಂತ ಎಣಿಸಿದ್ದೀರಾ? ನಾನು ಹೋಗುವ ಆ 22 ಮಕ್ಕಳಲ್ಲಿ ಕೊಡವ ತಕ್ಕ್ ಇದೆ, ಅರೆಭಾಷೆ ಇದೆ, ಎರವ ಭಾಷೆ ಇದೆ, ಜೇನು ಕುರುಬರ ಮಾತು ಇದೆ, ಮಲಯಾಳಂ, ತಮಿಳು, ತುಳು, ಅಸ್ಸಾಮಿ ಎಲ್ಲ ಇದೆ. ಕನ್ನಡವನ್ನೇ ಮನೆಯಲ್ಲಿ ಆಡುವ ಮಕ್ಕಳು ಕಡಿಮೆ. ಅವರ ಮುಂದೆ ನಾವು "ಈ ಕೆಳಗಿನ ಭಿನ್ನರಾಶಿಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿರಿ" ಅಂತ ಇಡುತ್ತೇವೆ. ಮಗು ಗಣಿತದಲ್ಲಿ ಸೋತಿತೋ ವಾಕ್ಯದಲ್ಲಿ ಸೋತಿತೋ ಯಾರಿಗೂ ಗೊತ್ತಾಗುವುದಿಲ್ಲ. ಹೆಜ್ಜೆಗೆ ಆ ತೊಂದರೆ ಇಲ್ಲ. ಕಾಲು ಭಾಗ ತಿರುಗು ಅಂತ ಟೀಚರ್ ತಿರುಗಿ ತೋರಿಸಿದರೆ ಎಲ್ಲ ಮಕ್ಕಳೂ ತಿರುಗುತ್ತಾರೆ. ನಾಲ್ಕು ಸಲ ತಿರುಗಿದರೆ ಮೊದಲಿನ ಕಡೆಗೇ ಮುಖ ಬರುತ್ತದೆ. ಲಂಬಕೋನ, 90 ಡಿಗ್ರಿ, 360 ಡಿಗ್ರಿ ಅನ್ನುವ ಪದಗಳು ಆಮೇಲೆ ಬರಲಿ. ಮೊದಲು ಮೈಗೆ ಗೊತ್ತಾಗಲಿ. ಗೊತ್ತಿರುವ ಸಂಗತಿಗೆ ಹೆಸರು ಇಡುವುದು ಸುಲಭ.

ಇಲ್ಲಿ ಒಂದು ಸಣ್ಣ ಪಾಠ ಹೇಳಲೇಬೇಕು. ಸಮಬಾಹು ತ್ರಿಭುಜದ ಆಕಾರದಲ್ಲಿ ನಡೆಯಿರಿ ಅಂತ ಟೀಚರ್ ಒಂದು ದಿನ ಹೇಳಿದರು. ಒಳಕೋನ 60 ಡಿಗ್ರಿ ಅಂತ ಮಕ್ಕಳಿಗೆ ಗೊತ್ತು. ಐದು ಹೆಜ್ಜೆ ನಡೆದು 60 ಡಿಗ್ರಿ ತಿರುಗಿದರು, ಮತ್ತೆ ಐದು ಹೆಜ್ಜೆ, ಮತ್ತೆ 60. ಮೂರು ಸಲ ಆದರೂ ಹೊರಟ ಜಾಗಕ್ಕೆ ಬರಲಿಲ್ಲ. ಆರು ಸಲ ಆದಾಗ ಬಂದರು. ಕೆಳಗೆ ನೋಡಿದರೆ ಷಡ್ಭುಜ! ತ್ರಿಭುಜ ಬೇಕಾದರೆ 120 ಡಿಗ್ರಿ ತಿರುಗಬೇಕು. ಒಳಕೋನ ಬೇರೆ, ನಾವು ತಿರುಗುವ ಕೋನ ಬೇರೆ. ಡಿಎಡ್ ಮಾಡಿದ ನನಗೂ ಇದು ಕಾಲಿಗೆ ಗೊತ್ತಿರಲಿಲ್ಲ, ಬರೀ ತಲೆಗೆ ಗೊತ್ತಿತ್ತು. ಅಂದು ಮಕ್ಕಳ ಜೊತೆ ನಾನೂ ನಡೆದೆ.

ಇನ್ನು ಕೋಲಾಟ. ಸುಗ್ಗಿ ಹಬ್ಬ ಪುತ್ತರಿ ಬಂದರೆ ಊರಿನ ಬಯಲಾದ ಮಂದ್‌ನಲ್ಲಿ ಕೋಲಾಟ್ ನಡೆಯುವ ನಾಡು ನಮ್ಮದು. ಉಮ್ಮತ್ತಾಟ್‌ನಲ್ಲಿ ಹೆಂಗಸರು ತಾಳ ಹಿಡಿದು ಸುತ್ತು ಬರುತ್ತಾರೆ, ಬೊಳಕಾಟ್‌ನಲ್ಲಿ ಗಂಡಸರು ದೀಪದ ಸುತ್ತ ಚೌರಿ ಬೀಸುತ್ತಾರೆ. ಮಾಪಿಳ್ಳೆ ಮನೆಗಳ ಮಕ್ಕಳಿಗೆ ದಫ್‌ನ ಪೆಟ್ಟು ಗೊತ್ತು. ಬುಡಕಟ್ಟು ಜನರ ಹಾಡಿಯ ಮಕ್ಕಳಿಗೆ ನಡೆಯುವಷ್ಟೇ ಸಹಜವಾಗಿ ಕುಣಿತ ಬರುತ್ತದೆ. ಸುತ್ತು, ತಿರುವು, ಜೋಡಿ, ಎಣಿಕೆ ಇಲ್ಲದ ಕುಣಿತ ಇದರಲ್ಲಿ ಒಂದೂ ಇಲ್ಲ. ಗಣಿತ ಈ ಮಕ್ಕಳ ಊರಿನಲ್ಲೇ ಇದೆ. ನಾವು ಅದನ್ನು ಶಾಲೆಯ ಗೇಟಿನ ಹೊರಗೆ ನಿಲ್ಲಿಸಿದ್ದೇವೆ.

ಟೀಚರ್ ಮಾಡಿಸಿದ ಒಂದು ಆಟ ನಿಮ್ಮ ಮುಂದಿಡುತ್ತೇನೆ. 8 ಜೋಡಿ. 8 ಜನ ಒಳಗಿನ ಸುತ್ತಿನಲ್ಲಿ, 8 ಜನ ಹೊರಗಿನ ಸುತ್ತಿನಲ್ಲಿ, ಎದುರುಬದುರು. ಕೋಲು ಹೊಡೆದು ಹೊರಗಿನವರು ಬಲಕ್ಕೆ ಒಂದು ಜಾಗ, ಒಳಗಿನವರು ತಮ್ಮ ಬಲಕ್ಕೆ ಒಂದು ಜಾಗ ಸರಿಯಬೇಕು. ಎದುರುಬದುರು ನಿಂತಿರುವುದರಿಂದ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಹೋಗುತ್ತಾರೆ. ಮೊದಲಿನ ಜೋಡಿ ಮತ್ತೆ ಎದುರಾಗುವುದು ಎಷ್ಟು ಸಲ ಸರಿದ ಮೇಲೆ? 8 ಅನ್ನಿಸುತ್ತದೆ. ಆಡಿದರೆ 4. ಒಂದು ಜೋಡಿಯನ್ನು ಹೊರಗೆ ಕೂರಿಸಿ 7 ಜೋಡಿ ಮಾಡಿ. 4ಕ್ಕಿಂತ ಕಡಿಮೆ ಆಗಬೇಕು ಅನ್ನಿಸುತ್ತದೆ ಅಲ್ವಾ? ಆಡಿದರೆ 7. ಒಂದು ಸಲ ಸರಿದಾಗ ಇಬ್ಬರ ನಡುವೆ 2 ಜಾಗದ ವ್ಯತ್ಯಾಸ ಬೀಳುತ್ತದೆ. 8 ಸಮ ಸಂಖ್ಯೆ, ಹಾಗಾಗಿ 4 ಸಲಕ್ಕೇ ಒಂದು ಸುತ್ತು ಮುಗಿಯುತ್ತದೆ. 7 ಬೆಸ ಸಂಖ್ಯೆ, ಅದಕ್ಕೆ ಎರಡು ಸುತ್ತು ಬೇಕು. ಭಾಗಾಕಾರ, ಶೇಷ, ಸಮ, ಬೆಸ ಎಲ್ಲ ಒಂದೇ ಆಟದಲ್ಲಿ ಬಂತು. 6 ಜೋಡಿ, 5 ಜೋಡಿ ಆದರೆ ಏನಾಗುತ್ತದೆ ಅಂತ ಮಕ್ಕಳು ಬಿಸಿಯೂಟದ ಸಾಲಿನಲ್ಲಿ ನಿಂತು ಮಾತಾಡಿಕೊಳ್ಳುತ್ತಿದ್ದರು. ಬಿಸಿಯೂಟದ ಸಾಲಿನಲ್ಲಿ ಗಣಿತ!

ಇದು ಹೊಸದೂ ಅಲ್ಲ. ಲಯ ಎಣಿಸುತ್ತಾ ಗಣಿತ ಕಂಡುಕೊಂಡ ಹಿರಿಯರು ನಮ್ಮ ದೇಶದಲ್ಲೇ ಇದ್ದರು. ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರು ಸೇರಿಸಿ 4 ಮಾತ್ರೆಯನ್ನು ಎಷ್ಟು ಬಗೆಯಲ್ಲಿ ತುಂಬಬಹುದು? 5 ಬಗೆ. 5 ಮಾತ್ರೆಯನ್ನು 8 ಬಗೆ, 6 ಮಾತ್ರೆಯನ್ನು 13 ಬಗೆ. ಹಿಂದಿನ ಎರಡು ಕೂಡಿದರೆ ಮುಂದಿನದು. ಛಂದಸ್ಸಿನ ಲೆಕ್ಕ ಮಾಡುತ್ತಾ ವಿರಹಾಂಕ, ಆಮೇಲೆ 12ನೇ ಶತಮಾನದಲ್ಲಿ ಹೇಮಚಂದ್ರ ಇದನ್ನು ಹೇಳಿದ್ದರು. ಇಟಲಿಯ ಫಿಬೊನಾಚಿ ಈ ಸಂಖ್ಯೆಗಳನ್ನು ಬರೆದದ್ದು 1202ರಲ್ಲಿ. ಚಪ್ಪಾಳೆ ತಟ್ಟಿದರೆ ಐದನೇ ತರಗತಿಯ ಮಗುವೂ ಇದನ್ನು ಕಂಡುಕೊಳ್ಳುತ್ತದೆ. ಟೀಚರ್ ಆಗಸ್ಟ್‌ನಲ್ಲಿ ಇದನ್ನು ಮಾಡಿಸಬೇಕು ಅಂದುಕೊಂಡಿದ್ದರು. ಆಗಲಿಲ್ಲ.

ನಮ್ಮ ರಾಜ್ಯವೂ ಈ ದಾರಿಯಲ್ಲಿ ಮೊದಲೇ ನಡೆದಿದೆ. ನಾಗರಹೊಳೆ ಕಾಡಿನ ಆಚೆ ಬದಿಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ನಲಿ ಕಲಿ ಶುರುವಾಯಿತು. ಅಲ್ಲಿನ ಸಾಮಾನ್ಯ ಸರ್ಕಾರಿ ಟೀಚರುಗಳೇ ಕಟ್ಟಿದ ಪದ್ಧತಿ ಅದು. ಇವತ್ತು ರಾಜ್ಯದ ಎಲ್ಲ ಕಡೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಹಾಡು, ಆಟ, ಕಾರ್ಡುಗಳ ಜೊತೆ ಕಲಿಯುತ್ತಾರೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಅದೇ ಮಗು ಕೈಕಟ್ಟಿ ಕೂರಬೇಕು. ಗಣಿತ ಕಷ್ಟವಾಗುವುದೂ ಅಲ್ಲಿಂದಲೇ. ಭಿನ್ನರಾಶಿ, ಕೋನ, ಅಪವರ್ತನ ಎಲ್ಲ ಬರುವ ಹೊತ್ತಿಗೆ ಸರಿಯಾಗಿ ನಾವು ಅದರ ಕೈಕಾಲು ಕಟ್ಟುತ್ತೇವೆ.

ಪುರಾವೆ ಏನು ಅಂತ ನೀವು ಕೇಳಬಹುದು. ಕೇಳಲೇಬೇಕು. ನೆದರ್ಲೆಂಡ್ಸ್‌ನಲ್ಲಿ 499 ಪ್ರಾಥಮಿಕ ಶಾಲಾ ಮಕ್ಕಳ ಜೊತೆ 2 ವರ್ಷ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಕ್ಕಳು ವಾರಕ್ಕೆ 3 ಸಲ ಜಿಗಿಯುತ್ತಾ, ಹೆಜ್ಜೆ ಹಾಕುತ್ತಾ ಗಣಿತ ಮತ್ತು ಭಾಷೆಯ ಅಭ್ಯಾಸ ಮಾಡಿದರು. ಕೊನೆಗೆ ಗಣಿತದಲ್ಲಿ, ಸ್ಪೆಲಿಂಗ್‌ನಲ್ಲಿ ಅವರು ಉಳಿದವರಿಗಿಂತ ಮುಂದಿದ್ದರು. ಓದುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಡೆನ್ಮಾರ್ಕ್‌ನಿಂದ ಇನ್ನೊಂದು ಅಧ್ಯಯನ ಬಂತು. ಇಡೀ ಮೈ ಬಳಸಿ ಗಣಿತ ಕಲಿತ ಪುಟ್ಟ ಮಕ್ಕಳಿಗೆ ಲಾಭ ಆಗಿತ್ತು. ಆದರೆ ಗಣಿತದಲ್ಲಿ ತೀರಾ ಹಿಂದೆ ಇದ್ದವರಿಗೆ ಅಷ್ಟು ಲಾಭ ಆಗಿರಲಿಲ್ಲ. ಎರಡನ್ನೂ ಹೇಳುತ್ತಿದ್ದೇನೆ. ನನಗೆ ಅನುಕೂಲವಾದದ್ದನ್ನು ಮಾತ್ರ ಹೇಳಿದರೆ ಅದು ಗಣಿತ ಟೀಚರ್ ಮಾಡುವ ಕೆಲಸ ಆಗುವುದಿಲ್ಲ.

ಕುಣಿತದಿಂದಲೇ ಗಣಿತ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಉದ್ದ ಭಾಗಾಕಾರವನ್ನು ಕೂತು ಬರೆದೇ ಕಲಿಯಬೇಕು. ಮಗ್ಗಿ ಬಾಯಿಗೆ ಬರಲೇಬೇಕು. ಹೆಜ್ಜೆ ಹಾಕಿದ ಮೇಲೆ ಪುಸ್ತಕಕ್ಕೆ ಬಂದು ಬರೆಯದಿದ್ದರೆ ಅದು ಆಟವಾಗಿಯೇ ಉಳಿಯುತ್ತದೆ. ಈ ಟೀಚರ್ ಅದನ್ನು ತಪ್ಪದೆ ಮಾಡುತ್ತಿದ್ದರು. 20 ನಿಮಿಷ ಕೋಲು, 20 ನಿಮಿಷ ನೋಟ್‌ಬುಕ್. ಎಲ್ಲ ಮಕ್ಕಳಿಗೂ ಕುಣಿಯಲು ಇಷ್ಟ ಇರುವುದಿಲ್ಲ ಅನ್ನುವುದೂ ನಿಜ. ಏಳನೇ ತರಗತಿಗೆ ಬಂದ ಹೆಣ್ಣುಮಕ್ಕಳು ನಾಚುತ್ತಾರೆ. ಅವರನ್ನು ಬಲವಂತ ಮಾಡಬಾರದು. ಕಾಲಿನ ತೊಂದರೆ ಇರುವ ಒಬ್ಬ ಹುಡುಗ ಅಲ್ಲಿದ್ದಾನೆ. ಮೇಜು ಬಡಿದು ಲಯ ಕೊಡುತ್ತಿದ್ದವನು ಅವನೇ. ಯಾವ ಸಾಲು ಎಲ್ಲಿ ತಪ್ಪಿತು ಅಂತ ಹೇಳುತ್ತಿದ್ದವನೂ ಅವನೇ. ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಅಪವರ್ತ್ಯ ಅರ್ಥವಾದದ್ದು ಅವನಿಗೆ ಅಂತ ನನ್ನ ನಂಬಿಕೆ. ಎಲ್ಲರ ಕಾಲನ್ನೂ ಅವನು ನೋಡುತ್ತಿದ್ದ.

ಸೆಪ್ಟೆಂಬರ್‌ನಲ್ಲಿ ನಾನು ಆ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ 10 ಮತ್ತು 15ರ ಲಸಾಅ ಕೇಳಿದೆ. ಅಷ್ಟರಲ್ಲಿ ಕೋಲು ಮೇಲೆ ಹೋಗಿ ಎರಡು ತಿಂಗಳಾಗಿತ್ತು. ಕೆಲವರು ಬರೆದು ಹೇಳಿದರು. ಕೆಲವರು ಸುಮ್ನೆ ಕೂತು ಯೋಚಿಸಿ 30 ಅಂದರು. ಅವರು ಯೋಚಿಸುವಾಗ ನಾನು ಬೆಂಚಿನ ಕೆಳಗೆ ನೋಡಿದೆ. ಹೆಬ್ಬೆರಳು ನೆಲಕ್ಕೆ ತಾಗುತ್ತಿತ್ತು, ಏಳುತ್ತಿತ್ತು. ಎಣಿಸುತ್ತಿದ್ದರು. ಬೋಧನೆ ಎಲ್ಲಿ ಕಂಡುಬರುತ್ತದೆ ಅಂತ ಕೇಳಿದರೆ ನಾನು ಆ ಹೆಬ್ಬೆರಳನ್ನು ತೋರಿಸುತ್ತೇನೆ.

ಈಗ ನನ್ನ ಕೋರಿಕೆಗಳು.

ಎಲ್ಲಕ್ಕಿಂತ ಮೊದಲು, ಆ ಟೀಚರ್ ಕೊಟ್ಟ ವಿವರಣೆಯನ್ನು ಯಾರಾದರೂ ಓದಿ ಉತ್ತರ ಕೊಡಲಿ. ಓದಿದ ಮೇಲೆ ಆ ಷರಾ ತಪ್ಪು ಅನ್ನಿಸಿದರೆ ಅದೇ ಭೇಟಿ ಪುಸ್ತಕದಲ್ಲಿ, ಅದರ ಕೆಳಗೇ, ಹಾಗಂತ ಬರೆಯಲಿ. ಒಂದು ಸಾಲು ಸಾಕು. ಆ ಒಂದು ಸಾಲು ಅವರ ಪ್ರೊಬೇಷನ್ ಉಳಿಸುತ್ತದೆ, ಅಕ್ಕಪಕ್ಕದ ಶಾಲೆಯ ಹತ್ತು ಟೀಚರುಗಳ ಭಯವನ್ನೂ ಕಳೆಯುತ್ತದೆ. ಅವರೆಲ್ಲ ಈ ಸುದ್ದಿ ಕೇಳಿ ಸುಮ್ಮನಾದವರು. ಅವರಲ್ಲಿ ಮೂವರು ನನ್ನ ಹಳೆಯ ವಿದ್ಯಾರ್ಥಿಗಳು, ಹಾಗಾಗಿ ನನಗೆ ಗೊತ್ತು.

ಶಾಲೆ ಭೇಟಿಗೆ ಹೋಗುವ ಎಲ್ಲ ಅಧಿಕಾರಿಗಳಿಗೂ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಿಗೂ (ಸಿಆರ್‌ಪಿ) ಒಂದು ಮಾತು ತಿಳಿಸಿ. ತರಗತಿಯಲ್ಲಿ ಮಕ್ಕಳು ಎದ್ದು ನಿಂತಿದ್ದರೆ ಷರಾ ಬರೆಯುವ ಮೊದಲು ಒಂದು ಮಗುವನ್ನು ಕರೆದು ಏನು ಮಾಡುತ್ತಿದ್ದೀಯಾ ಅಂತ ಕೇಳಲಿ. ಮಗು ಹೇಳಿದರೆ ಅದು ಪಾಠ. ಹೇಳಲು ಬಾರದಿದ್ದರೆ ಆಗ ಟೀಚರನ್ನು ಪ್ರಶ್ನಿಸಲಿ, ನಾನೂ ಒಪ್ಪುತ್ತೇನೆ.

ಕೂಡಿಗೆಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ (ಡಯಟ್) ಪ್ರತಿ ವರ್ಷ ಗಣಿತ ತರಬೇತಿಗಳು ನಡೆಯುತ್ತವೆ. ಅದರಲ್ಲಿ ಎರಡು ದಿನ ಇದಕ್ಕೆ ಇಡಿ. ಪಿಪಿಟಿ ತೋರಿಸಿ ಕಳಿಸಬೇಡಿ. ಟೀಚರುಗಳೇ ಕೋಲು ಹಿಡಿಯಲಿ, ಬೆವರಲಿ, ಎಣಿಕೆ ತಪ್ಪಲಿ. ಊರಿನ ಹಿರಿಯ ಕಲಾವಿದರನ್ನು ಗೌರವಧನ ಕೊಟ್ಟು ಕರೆಯಿರಿ. ಈ ಕುಣಿತಗಳಿಗೆ ಅವುಗಳದ್ದೇ ಜಾಗ, ಮರ್ಯಾದೆ ಇದೆ. ಮಂದ್‌ನಲ್ಲಿ ಆಡುವುದನ್ನು ತರಗತಿಯಲ್ಲಿ ಹಾಗೇ ಆಡಬೇಕಿಲ್ಲ. ಹೆಜ್ಜೆಯನ್ನು ಎಷ್ಟು ತರಬಹುದು, ಯಾವುದನ್ನು ತರಬಾರದು ಅಂತ ಅವರೇ ಹೇಳಲಿ. ಒಂದೇ ಸಮುದಾಯದ ಕುಣಿತಕ್ಕೆ ನಿಲ್ಲಿಸಬೇಡಿ. ಹಾಡಿಯ ಮಗುವಿನ ಹೆಜ್ಜೆಯೂ ಪಾಠವಾಗಲಿ. ತನ್ನ ಮನೆಯ ಕುಣಿತವನ್ನು ಟೀಚರ್ ಕಲಿಯುವುದನ್ನು ನೋಡಿದ ಮಗು ಮಾರನೇ ದಿನ ಶಾಲೆ ತಪ್ಪಿಸುವುದಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಜಾಗದ ವಿಷಯ. ನಮ್ಮ ಮಳೆಗೆ ಮೈದಾನ ನಾಲ್ಕು ತಿಂಗಳು ಇದ್ದೂ ಇಲ್ಲದ ಹಾಗೆ. ಪ್ರತಿ ಕ್ಲಸ್ಟರ್‌ನಲ್ಲಿ ಒಂದು ಶಾಲೆಗಾದರೂ ಶೀಟ್ ಹೊದಿಸಿದ, ನಾಲ್ಕೂ ಕಡೆ ಗಾಳಿ ಬರುವ ಒಂದು ಚಪ್ಪರದಂಥ ಅಂಗಳ ಬೇಕು. ದೊಡ್ಡ ಸಭಾಂಗಣ ಕೇಳುತ್ತಿಲ್ಲ. ತೋಟದ ಮಾಲೀಕರು, ಹಳೆಯ ವಿದ್ಯಾರ್ಥಿಗಳು ಕೈ ಜೋಡಿಸಲು ಸಿದ್ಧ ಇದ್ದಾರೆ. ಇಲಾಖೆಯಿಂದ ಅನುಮತಿ ಬೇಗ ಸಿಕ್ಕರೆ ಸಾಕು.

ಇನ್ನೊಂದು ಕೋರಿಕೆ ನನಗೆ ತುಂಬಾ ಮುಖ್ಯ. ದಯವಿಟ್ಟು ಇದನ್ನು ಕಡ್ಡಾಯ ಮಾಡಬೇಡಿ. ಸುತ್ತೋಲೆ ಹೊರಡಿಸಿ, ಪ್ರತಿ ಶಾಲೆಯೂ ತಿಂಗಳಿಗೆ ಇಷ್ಟು ಫೋಟೋ ಅಪ್‌ಲೋಡ್ ಮಾಡಬೇಕು ಅಂದರೆ ಇದು ಅಲ್ಲಿಗೆ ಸತ್ತುಹೋಗುತ್ತದೆ. ಪ್ರತಿಭಾ ಕಾರಂಜಿಯ ಹಾಗೆ ಸ್ಪರ್ಧೆಯೂ ಬೇಡ. ಪ್ರತಿಭಾ ಕಾರಂಜಿ ಒಳ್ಳೆಯದೇ, ಆದರೆ ಅಲ್ಲಿ ಚೆನ್ನಾಗಿ ಕುಣಿಯುವ ಮಗುವಿಗೆ ಮಾತ್ರ ಜಾಗ. ಗಣಿತದ ಕುಣಿತದಲ್ಲಿ ಹೆಜ್ಜೆ ತಪ್ಪಿದ ಮಗುವಿಗೇ ಹೆಚ್ಚು ಕೆಲಸ. ಅದು ತಪ್ಪಿದಾಗಲೇ ಎಲ್ಲರೂ ನಿಂತು ಯಾಕೆ ತಪ್ಪಿತು ಅಂತ ಯೋಚಿಸುತ್ತಾರೆ. ಬೇಕಿದ್ದರೆ ಸಂಭ್ರಮ ಶನಿವಾರದ ಬ್ಯಾಗ್ ಇಲ್ಲದ ದಿನ ಇಷ್ಟ ಇರುವ ಟೀಚರುಗಳು ಶುರು ಮಾಡಲಿ. ಚೆನ್ನಾಗಿ ನಡೆದರೆ ಉಳಿದವರು ನೋಡಿ ಕಲಿಯುತ್ತಾರೆ. ಎಚ್.ಡಿ. ಕೋಟೆಯಲ್ಲೂ ಆದದ್ದು ಹಾಗೇ ಅಲ್ವಾ?

ಕೊನೆಯದಾಗಿ, ನೀವೇ ಒಮ್ಮೆ ಬನ್ನಿ. ಭೇಟಿ ಪುಸ್ತಕ ಇಲ್ಲದೆ ಬನ್ನಿ. ಪುತ್ತರಿ ಮುಗಿದ ಮರುವಾರ ಬಂದರೆ ಒಳ್ಳೆಯದು, ಆಗ ಮಕ್ಕಳ ಕೈಯಲ್ಲಿ ಕೋಲಿನ ನೆನಪು ಇನ್ನೂ ಬಿಸಿಯಾಗಿರುತ್ತದೆ. ನಿಮ್ಮನ್ನು ಹೊರಗಿನ ಸುತ್ತಿನಲ್ಲಿ ನಿಲ್ಲಿಸುತ್ತೇವೆ. ನಿಮ್ಮ ಎದುರು ಆರನೇ ತರಗತಿಯ ಒಂದು ಮಗು ಇರುತ್ತದೆ. 9 ಜೋಡಿ ಮಾಡೋಣ. ಎಷ್ಟು ಸಲ ಸರಿದ ಮೇಲೆ ಅದೇ ಮಗು ನಿಮ್ಮ ಎದುರು ಬರುತ್ತದೆ ಅಂತ ಮೊದಲು ಹೇಳಿ, ಆಮೇಲೆ ಆಡೋಣ. ಕೋಲುಗಳು ಕಪಾಟಿನ ಮೇಲೇ ಇವೆ. ಮಳೆಗಾಲದ ಬೂಸು ಹಿಡಿಯದ ಹಾಗೆ ನಾನು ಆಗಾಗ ತೆಗೆದು ಒರೆಸಿ ಇಡುತ್ತಿದ್ದೇನೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕಿ
ವಿರಾಜಪೇಟೆ ತಾಲ್ಲೂಕು, ಕೊಡಗು